ಸಗಣಿ ಒಳಗೆ, ಅವ್ವ ಹೊರಗೆ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಎರಡು ವಾರದ ಹಿಂದೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ‘ರಾಸಾಯನಿಕ ಮುಕ್ತ ಮನೆ’ ಅನ್ನೋ ಕಾರ್ಯಕ್ರಮ ಇತ್ತು. ಪರಿಚಯದವರೊಬ್ಬರು ಕರೆದರು, ಹೋಗಿದ್ದೆ. ಮೇಜಿನ ಮೇಲೆ ಅಂಟುವಾಳ ಕಾಯಿ, ಸೀಗೆಪುಡಿ, ಹುಣಸೆಹಣ್ಣು, ನಿಂಬೆ ಸಿಪ್ಪೆ ಕೊಳೆಸಿದ ಬಾಟಲಿಗಳು. ಕೊನೆಯಲ್ಲಿ ಚೆಂದದ ಲೇಬಲ್ ಅಂಟಿಸಿದ ಗೋಮೂತ್ರದ ಫಿನಾಯಿಲ್. ಮಾತಾಡಿದವರು ಹೇಳಿದರು: ನಮ್ಮ ಹಿರಿಯರ ಮನೆಯಲ್ಲಿ ಒಂದು ಹನಿ ಕೆಮಿಕಲ್ ಇರಲಿಲ್ಲ, ನೆಲಕ್ಕೆ ಸಗಣಿ, ಪಾತ್ರೆಗೆ ಬೂದಿ, ಬಟ್ಟೆಗೆ ಅಂಟುವಾಳ, ಮನೆ ಅಂದ್ರೆ ದೇವಸ್ಥಾನದ ಹಾಗೆ ಇರ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಗೋಡೆಗೆ ಒರಗಿಕೊಂಡು ಅದೇ ಅಪಾರ್ಟ್‌ಮೆಂಟಿನ ಮನೆಕೆಲಸದ ಹೆಣ್ಣುಮಕ್ಕಳು ಆರೇಳು ಜನ ನಿಂತಿದ್ದರು. ಕುರ್ಚಿ ಖಾಲಿ ಇದ್ದವು.

ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಆ ಸಗಣಿ ತರ್ತಿದ್ದದ್ದು ಯಾರು ಸಾರ್?’

‘ಹಸು ಕೊಡ್ತಿತ್ತು’ ಅಂದರು. ಸಭೆ ನಕ್ಕಿತು. ಟೈಮ್ ಆಯ್ತು ಅಂತ ಕಾರ್ಯಕ್ರಮ ಮುಗಿಸಿದರು. ಅಲ್ಲಿ ಹೇಳಲಾಗದ್ದನ್ನ ಇಲ್ಲಿ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಅಂಟುವಾಳದ ವಿರೋಧಿ ಅಲ್ಲ. ನಮ್ಮ ಮನೆಯಲ್ಲಿ ಈಗ ಪಾತ್ರೆ, ನೆಲ ಎರಡಕ್ಕೂ ಅದೇ. ಅದಕ್ಕೆ ಕಾರಣ ನಮ್ಮವ್ವನ ಹೆಬ್ಬೆಟ್ಟು.

ಅವ್ವ 14 ವರ್ಷ ಮೈಸೂರಿನ ಒಂದು ಲಾಡ್ಜಿನಲ್ಲಿ ಕಕ್ಕಸು ತೊಳೆದಳು. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ರೂಮು. ಬಾತ್‌ರೂಮ್ ಆಸಿಡ್, ಬ್ಲೀಚಿಂಗ್ ಪೌಡರ್, ಕಪ್ಪು ಫಿನಾಯಿಲ್, ಒಂದು ಬ್ರಷ್ಷು. ಗ್ಲೌಸ್ ಅನ್ನೋ ಪದವನ್ನ ಅವಳು ಕೇಳಿದ್ದು ಕೊರೊನಾ ಬಂದಾಗ. ಒಮ್ಮೆ ಕಲೆ ಬೇಗ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೆ ಆಸಿಡ್ ಸುರಿದಿದ್ದಳು. ಹಸಿರು ಹಳದಿ ಹೊಗೆ ಎದ್ದು ಅಲ್ಲೇ ಕುಸಿದು ಬಿದ್ದಳು. ಮ್ಯಾನೇಜರು ಸೋಡಾ ಕುಡಿಸಿ ಮನೆಗೆ ಕಳಿಸಿದ. ಆ ದಿನದ ಅರ್ಧ ಕೂಲಿ ಮುರಿದುಕೊಂಡ. ಅವ್ವನ ಮೂಗಿಗೆ ಹೋದದ್ದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಕಂದಕಕ್ಕೆ ಬಿಟ್ಟದ್ದೂ ಅದನ್ನೇ. ಎರಡು ಡಬ್ಬಗಳನ್ನ ಕೂಡಿಸಬಾರದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಡಬ್ಬದ ಮೇಲೆ ಬರೆದಿತ್ತು, ಇಂಗ್ಲಿಷಿನಲ್ಲಿ.

ಆಮೇಲೆ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮಿಷನ್ ಬಂತು. ಅವ್ವನ ಬೆರಳು ಇಟ್ಟರೆ ಮಿಷನ್ ಕೆಂಪು ದೀಪ. ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ, ಯಾವುದೂ ಹಿಡೀಲಿಲ್ಲ. ಆಸಿಡ್ಡು ಬೆರಳ ಗೆರೆಗಳನ್ನೇ ತಿಂದುಹಾಕಿತ್ತು. ‘ಊರೋರ ಕಕ್ಕಸು ಬೆಳ್ಳಗಾಯ್ತು ಕನ ಮಗ, ನನ್ ಬೆಳ್ಳೇ ಅಳ್ಸೋಯ್ತು’ ಅಂದಳು. ಮೂರು ತಿಂಗಳ ಅಕ್ಕಿ ಹೋಯಿತು. ಹಾಗಾಗಿ ಕೆಮಿಕಲ್ ಕೆಟ್ಟದ್ದು ಅಂತ ನನಗೆ ಯಾರೂ ಭಾಷಣ ಮಾಡಿ ತಿಳಿಸಬೇಕಾಗಿಲ್ಲ.

ಆದರೆ ‘ನಮ್ಮ ಹಿರಿಯರು’ ಅಂದಾಗ ಮಾತ್ರ ಮೈ ಉರಿಯುತ್ತೆ. ಯಾರ ಹಿರಿಯರು?

ನಮ್ಮದು ನಂಜನಗೂಡು ಸೀಮೆ. ನಮ್ಮಜ್ಜಿ ಊರಿನ ಯಜಮಾನರ ಮನೆಯ ಕೊಟ್ಟಿಗೆ ಬಾಚುತ್ತಿದ್ದಳು. ಹೊತ್ತು ಹುಟ್ಟೋ ಮುಂಚೆ ಹೋಗಿ ಸಗಣಿ ಬಾಚಿ, ಗಂಜಲ ಬಳಿದು, ಕುಕ್ಕೆಗೆ ತುಂಬಿ ತಿಪ್ಪೆಗೆ ಹಾಕಬೇಕು. ಒಳ್ಳೆ ಸಗಣಿಯನ್ನ ಬೇರೆ ಮಾಡಿ ಹಿತ್ತಲ ಬಾಗಿಲ ಹತ್ತಿರ ಇಡಬೇಕು. ಅದಕ್ಕೆ ನೀರು ಚಿಮುಕಿಸಿ ಮನೆಯವರು ಒಳಗೆ ತಗೊಂಡು ಹೋಗಿ ಅಡುಗೆಮನೆ ಸಾರಿಸುತ್ತಿದ್ದರು. ಅಜ್ಜಿಯ ಕೈಯಿಂದ ಬಂದ ಸಗಣಿ ದೇವರ ಕೋಣೆಯ ತನಕ ಹೋಗ್ತಿತ್ತು. ಅಜ್ಜಿ ಹೊಸ್ತಿಲು ದಾಟುವಂತಿರಲಿಲ್ಲ. ಕೂಲಿ ಅಂದ್ರೆ ತಂಗಳು ಮುದ್ದೆ, ಸುಗ್ಗಿಯಲ್ಲಿ ಒಂದಿಷ್ಟು ರಾಗಿ. ನೀರನ್ನ ಮೇಲಿಂದ ಸುರೀತಿದ್ದರು, ಬೊಗಸೆ ಒಡ್ಡಬೇಕಿತ್ತು. ಪ್ರಾಣಿಯ ಮಲ ಒಳಗೆ, ಅದನ್ನ ಬಾಚಿದ ಮನುಷ್ಯಳು ಹೊರಗೆ.

ನಮ್ಮ ಭಾಷೆಯನ್ನೇ ನೋಡಿ. ಒಗೆದ ಬಟ್ಟೆಗೂ ‘ಮಡಿ’, ಜಾತಿಯ ಶುದ್ಧಕ್ಕೂ ‘ಮಡಿ’. ಕೊಳೆಯಾದ ಬಟ್ಟೆಗೂ ‘ಮೈಲಿಗೆ’, ನಾವು ಮುಟ್ಟಿದ್ದಕ್ಕೂ ‘ಮೈಲಿಗೆ’. ಬಟ್ಟೆ ಒಗೆದು ಊರನ್ನೆಲ್ಲ ಮಡಿ ಮಾಡೋ ಮಡಿವಾಳ ಮಾತ್ರ ಆ ಮಡಿಯ ಒಳಗಿಲ್ಲ. 12ನೇ ಶತಮಾನದಲ್ಲಿ ಮಡಿವಾಳ ಮಾಚಯ್ಯ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಲೇ ದೊಡ್ಡ ವಚನಕಾರನಾದದ್ದು ಅದಕ್ಕೇ ಸಣ್ಣ ಸಂಗತಿಯಲ್ಲ. ಆದರೆ ಕಲ್ಯಾಣ ಮುಗಿಯಿತು, ಊರು ಮತ್ತೆ ಊರಾಯಿತು. ನಮ್ಮ ಕಡೆ ಕೇರಿಯ ಬಟ್ಟೆಯನ್ನ ಅಗಸರು ಒಗೀತಿರಲಿಲ್ಲ (ಅವರನ್ನ ಬೈತಿಲ್ಲ, ಒಗೆದರೆ ಊರು ಅವರನ್ನೂ ಬಿಡ್ತಿರಲಿಲ್ಲ). ನಮ್ಮವರು ಕೆರೆಯಂಚಿನ ಚೌಳು ಮಣ್ಣು ಕೆರೆದು ತಂದು, ಅದರ ನೀರಲ್ಲಿ ಬಟ್ಟೆ ನೆನೆಸಿ ಬಡಿಯುತ್ತಿದ್ದರು. ಚೌಳಿನಲ್ಲಿ ಇರೋದು ಸೋಡಾ ಉಪ್ಪು. ಸೌದೆಯ ಬೂದಿಯಲ್ಲಿ ಪೊಟ್ಯಾಷ್. ಎರಡೂ ಜಿಡ್ಡನ್ನ ಹಿಡಿದು ನೀರಿಗೆ ಬಿಡುತ್ತವೆ. ಇಂಗ್ಲಿಷಿನವರ ‘ಆಲ್ಕಲಿ’ ಪದ ಬಂದದ್ದೇ ಬೂದಿಗಿರೋ ಅರಬ್ಬೀ ಪದದಿಂದ. ಅಂಟುವಾಳದಲ್ಲಿ ಸಪೋನಿನ್ ಇದೆ, ನೊರೆ ಬರೋದು ಅದರಿಂದ. ಅಂದ್ರೆ ಇವೂ ಕೆಮಿಕಲ್ಲೇ. ಮರ, ಮಣ್ಣು, ಒಲೆ ಕೊಟ್ಟ ಕೆಮಿಕಲ್. ಈ ಜ್ಞಾನ ಕೇರಿಯದೂ ಹೌದು, ದುಡಿಯೋ ಕೈಗಳದು. ಇದನ್ನ ಯಾವ ಮಠದವರೂ ಕೊಡಲಿಲ್ಲ.

ಬೂದಿಯ ಇನ್ನೊಂದು ಕತೆ ಆ ಸಭೆಯಲ್ಲಿ ಯಾರೂ ಹೇಳಲಿಲ್ಲ. ಪೂರ್ತಿ ‘ರಾಸಾಯನಿಕ ಮುಕ್ತ’ವಾದ ಒಂದು ವ್ಯವಸ್ಥೆ ಈ ದೇಶದಲ್ಲಿ ನೂರಾರು ವರ್ಷ ನಡೀತು, ಒಣ ಕಕ್ಕಸು. ಅದಕ್ಕೆ ಆಸಿಡ್ ಬೇಡ, ಫಿನಾಯಿಲ್ ಬೇಡ, ನೀರೂ ಬೇಡ. ಒಂದು ಹಿಡಿ ಬೂದಿ, ಒಂದು ಪೊರಕೆ, ಒಂದು ತಗಡು, ಒಂದು ಬುಟ್ಟಿ, ಒಂದು ಜಾತಿ. ಮಲದ ಮೇಲೆ ಬೂದಿ ಎರಚಿ, ತಗಡಿನಲ್ಲಿ ಬಾಚಿ, ಬುಟ್ಟಿಗೆ ತುಂಬಿ ತಲೆ ಮೇಲೆ ಹೊರಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳೀತಿತ್ತು. 1970ರ ದಶಕದ ಆರಂಭದಲ್ಲಿ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರಬಾರದು ಅಂತ ನಿಷೇಧ ಮಾಡಿದರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಸಾಹಿತ್ಯದ ಬಗ್ಗೆ ‘ಬೂಸಾ’ ಅಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಜನರ ತಲೆ ಮೇಲೆ ಮಲದ ಬುಟ್ಟಿ ಇದ್ದಷ್ಟು ಕಾಲ ಮಾತ್ರ ಯಾರ ಸಿಟ್ಟೂ ಬೀದಿಗೆ ಬಂದಿರಲಿಲ್ಲ. ಒಣ ಕಕ್ಕಸು ಕಟ್ಟಬಾರದು ಅಂತ ಕೇಂದ್ರದ ಕಾನೂನು ಬಂದದ್ದು 1993ಕ್ಕೆ. ಅದು ಸಾಲದು ಅಂತ ಇನ್ನೊಂದು ಕಾನೂನು 2013ಕ್ಕೆ. ನಮ್ಮದೇ ಕೆಜಿಎಫ್‌ನಲ್ಲಿ ಮಲ ಹೊರುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಹೋರಾಟವನ್ನ ದೇಶದ ತುಂಬ ಒಯ್ದರು. 2010ರ ಜುಲೈನಲ್ಲಿ ಸವಣೂರಿನಲ್ಲಿ ಪುರಸಭೆ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು. ನಮ್ಮ ಕಡೆ ನೋಡಿ ಅಂತ ಹೇಳೋಕೆ ಅವರ ಹತ್ರ ಉಳಿದಿದ್ದದ್ದು ಅದೊಂದೇ.

ಈಗ ಗಂಜಲಕ್ಕೆ ಬರೋಣ.

1927ರ ಮಾರ್ಚ್ 20. ಮಹಾಡ್. ಬಾಬಾಸಾಹೇಬರ ಜೊತೆ ಸಾವಿರಾರು ಜನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅದೇ ಕೆರೆಯಲ್ಲಿ ಬೇರೆಲ್ಲರೂ ನೀರು ತಗೋಬಹುದಿತ್ತು, ದನ ಕುಡೀಬಹುದಿತ್ತು. ನಮ್ಮವರು ಕುಡಿದ ಮೇಲೆ ಕೆರೆ ‘ಕೊಳೆ’ಯಾಯಿತು. ಆಮೇಲೆ ಊರಿನವರು ಕೆರೆ ತೊಳೆದದ್ದು ಹೇಗೆ? 108 ಮಡಕೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ, ಮಂತ್ರ ಹೇಳಿಸಿಕೊಂಡು. ಮನುಷ್ಯರು ಕುಡಿಯೋ ನೀರಿಗೆ ಸಗಣಿ ಬೆರೆಸಿ ‘ಸ್ವಚ್ಛ’ ಮಾಡಿದರು. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟದ್ದು ನಿಮಗೆಲ್ಲ ಗೊತ್ತು. ಕೆರೆಯ ನೀರಿನ ಹಕ್ಕು ನಮ್ಮದೂ ಹೌದು ಅಂತ ಬಾಂಬೆ ಹೈಕೋರ್ಟ್ ಹೇಳಿದ್ದು 1937ರ ಮಾರ್ಚ್‌ನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೇಸು.

ಹಳೇ ಕತೆ ಅಂತೀರಾ? 2022ರ ನವೆಂಬರ್. ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರ. ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಹರಿಸಿ, ಗೋಮೂತ್ರ ಹಾಕಿ ತೊಳೆದರು. ಸುದ್ದಿ ಹೊರಬಂದ ಮೇಲೆ ಅಧಿಕಾರಿಗಳು ಬಂದು ದಲಿತರನ್ನ ಕರೆದುಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ನಮ್ಮೂರಿಂದ ಅಲ್ಲಿಗೆ ಬಸ್ಸಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಮಹಾಡ್‌ಗೂ ಹೆಗ್ಗೊಠಾರಕ್ಕೂ ನಡುವೆ 95 ವರ್ಷ. ಕ್ಲೀನರ್ ಮಾತ್ರ ಬದಲಾಗಿಲ್ಲ.

ಹಾಗಾಗಿ ಗೋಮೂತ್ರದ ಫಿನಾಯಿಲ್ ಅಂದಾಗ ನನಗೆ ಬರೋದು ಬೇರೆ ವಾಸನೆ. 2015ರಲ್ಲಿ ಕೇಂದ್ರ ಮಂತ್ರಿ ಮೇನಕಾ ಗಾಂಧಿ, ಸರ್ಕಾರಿ ಕಚೇರಿಗಳಲ್ಲಿ ಫಿನಾಯಿಲ್ ಬದಲು ಗೋಮೂತ್ರದಿಂದ ಮಾಡಿದ ‘ಗೌನೈಲ್’ ಬಳಸಿ ಅಂತ ಜೊತೆಯ ಮಂತ್ರಿಗಳಿಗೆ ಪತ್ರ ಬರೆದರು. 2021ರ ಜನವರಿ ಕೊನೆಗೆ ಮಧ್ಯಪ್ರದೇಶ ಸರ್ಕಾರ ತನ್ನ ಕಚೇರಿಗಳಲ್ಲಿ ಗೋಮೂತ್ರದ ಫಿನಾಯಿಲ್ಲೇ ಇರಬೇಕು ಅಂತ ಆದೇಶ ಮಾಡಿತು. ನಡುವೆ 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ ಸತ್ತ ಹಸುವಿನ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ ಹೊಡೆದರು. ಹಸುವಿನ ಉಚ್ಚೆ ಕಚೇರಿ ನೆಲಕ್ಕೆ ಪವಿತ್ರ, ಅದರ ಹೆಣ ಹೊರೋನಿಗೆ ಕಬ್ಬಿಣದ ರಾಡು.

ಇಷ್ಟು ಬರೆದ ಮೇಲೆ ‘ಹಾಗಾದ್ರೆ ಕೆಮಿಕಲ್ಲೇ ವಾಸಿ’ ಅಂತ ಯಾರಾದರೂ ಅಂದ್ಕೋಬಹುದು. ಆ ಕಡೆಯ ಚರಿತ್ರೆಯನ್ನೂ ನೋಡಬೇಕು.

ಫಿನಾಯಿಲ್‌ನ ಮೂಲ ಕಲ್ಲಿದ್ದಲ ಡಾಂಬರು. 1834ರಲ್ಲಿ ಜರ್ಮನಿಯ ರುಂಗೆ ಅದರಿಂದ ಕಾರ್ಬಾಲಿಕ್ ಆಸಿಡ್ ಬೇರೆ ಮಾಡಿದ. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ನಾತ ಹೋಗಲಿ ಅಂತ ಅದನ್ನ ಸುರೀತಿದ್ದರು. ಆ ಸುದ್ದಿ ಕೇಳಿಯೇ ಜೋಸೆಫ್ ಲಿಸ್ಟರ್ ಅನ್ನೋ ಸರ್ಜನ್ 1865ರಲ್ಲಿ ಗ್ಲಾಸ್ಗೋದಲ್ಲಿ ಅದನ್ನ ಗಾಯಕ್ಕೆ ಹಚ್ಚಿದ್ದು. ಕೊಳೆತು ಸಾಯಬೇಕಿದ್ದವರು ಬದುಕಿದರು. ಅಂದ್ರೆ ಆಸ್ಪತ್ರೆಯ ಔಷಧಿ ಬಂದದ್ದು ಚರಂಡಿಯಿಂದ, ಮಡಿಯಿಂದಲ್ಲ. ಅದಕ್ಕೂ ಮುಂಚೆ 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮೆಲ್ವೈಸ್, ಹೆರಿಗೆ ಮಾಡಿಸೋ ಮುಂಚೆ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೀರಪ್ಪ ಅಂತ ತನ್ನವರಿಗೆ ಹೇಳಿದ. ಬಾಣಂತಿಯರ ಸಾವು ಥಟ್ಟನೆ ಇಳೀತು. ಆದರೂ ದೊಡ್ಡ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ದೊಡ್ಡವರ ಕೈಯಲ್ಲಿ ಕೊಳೆ ಇದೆ ಅಂದ್ರೆ ಯಾವ ದೇಶದಲ್ಲೂ ಸಿಟ್ಟು ಬರುತ್ತೆ.

ನಮ್ಮ ಕಡೆಗೆ ಈ ಕಾರ್ಬಾಲಿಕ್ ಜೋರಾಗಿ ಬಂದದ್ದು ಪ್ಲೇಗಿನ ಜೊತೆ. 1896ರಲ್ಲಿ ಬೊಂಬಾಯಿ, 1898ರಲ್ಲಿ ಬೆಂಗಳೂರು. ಮನೆಮನೆಗೆ ನುಗ್ಗಿ ಸುಣ್ಣ ಬಳಿದರು, ಔಷಧಿ ಸುರಿದರು, ಜನರನ್ನ ಕ್ಯಾಂಪಿಗೆ ಸಾಗಿಸಿದರು. ಸಿಪಾಯಿಗಳ ದಬ್ಬಾಳಿಕೆ ನಿಜ. ಆದರೆ ಮೇಲ್ಜಾತಿಯವರ ದೂರಿನಲ್ಲಿ ಒಂದು ದೊಡ್ಡ ಪಾಲು, ಅಡುಗೆಮನೆಗೆ, ದೇವರ ಮನೆಗೆ ಕಂಡಕಂಡವರು ಕಾಲಿಟ್ಟರು ಅನ್ನೋದಾಗಿತ್ತು. ಅದೇ ಹೊತ್ತಲ್ಲಿ ಪುಣೆಯ ಹೊರಗೆ ಸಾವಿತ್ರಿಬಾಯಿ ಫುಲೆ ಪ್ಲೇಗು ಬಡಿದ ಮಹಾರ್ ಹುಡುಗನೊಬ್ಬನನ್ನ ಬೆನ್ನ ಮೇಲೆ ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ಕ್ಕೆ ತೀರಿಕೊಂಡರು. ಬೆಂಗಳೂರಲ್ಲಿ ಪ್ಲೇಗಿನ ನಂತರ ಗಾಳಿ ಬೆಳಕಿನ ಬಡಾವಣೆಗಳು ಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಲ್ಲಿ ಸೈಟು ಸಿಕ್ಕಿದ್ದು ಯಾರಿಗೆ, ಅಲ್ಲಿನ ಚರಂಡಿ ಬಳಿಯೋ ಕೆಲಸ ಸಿಕ್ಕಿದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕಾ?

ಸೋಪಿನ ವಿಷಯದಲ್ಲಿ ನಾನು ಸ್ವಲ್ಪ ಮೆತ್ತಗಾಗ್ತೀನಿ. ಲೈಫ್‌ಬಾಯ್ ಅಂತ ಕೆಂಪು ಸೋಪು, 1894ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಕಾರ್ಬಾಲಿಕ್ ಸೋಪು. ನಾನು ಸ್ಕೂಲಿಗೆ ಹೋಗುವಾಗ ಅವ್ವ ಅದರಲ್ಲಿ ಉಜ್ಜಿ ಕಳಿಸ್ತಿದ್ದಳು, ಚರ್ಮ ಕಿತ್ತು ಬರೋ ಹಾಗೆ. ಮೇಷ್ಟ್ರು ಯಾರೂ ಮೂಗು ಮುಚ್ಚಿಕೋಬಾರದು ಅಂತ. ಬಾಬಾಸಾಹೇಬರು ಮಹಾಡ್‌ನಲ್ಲಿ ಹೆಣ್ಣುಮಕ್ಕಳಿಗೆ ಬಟ್ಟೆ ಶುಭ್ರವಾಗಿರಲಿ, ಉಡುವ ರೀತಿ ಬದಲಾಗಲಿ ಅಂದದ್ದನ್ನ ಅವಳು ಓದಿರಲಿಲ್ಲ, ಆದರೂ ಮಾಡಿದಳು. ಆ ವಾಸನೆ ನನಗೆ ಇವತ್ತಿಗೂ ಧೈರ್ಯದ ವಾಸನೆ. ಆದರೆ ಸೋಪಿನಿಂದ ಜಾತಿ ತೊಳೆಯಲ್ಲ. 2017ರಲ್ಲಿ ಉತ್ತರಪ್ರದೇಶದ ಕುಶಿನಗರದಲ್ಲಿ ಮುಖ್ಯಮಂತ್ರಿ ಬರ್ತಾರೆ ಅಂತ ಮುಸಾಹರ್ ಕೇರಿಗೆ ಅಧಿಕಾರಿಗಳು ಸೋಪು, ಶಾಂಪೂ ಹಂಚಿದರು, ಮೈ ತೊಳೆದುಕೊಂಡು ಬನ್ನಿ ಅಂತ. ಅದಕ್ಕೆ ಗುಜರಾತಿನ ದಲಿತರು ಬುದ್ಧನ ಚಿತ್ರವಿರೋ 125 ಕೆಜಿಯ ಸೋಪು ಮಾಡಿ, ಇದರಲ್ಲಿ ನಿಮ್ಮ ಮನಸ್ಸು ತೊಳ್ಕೊಳ್ಳಿ ಅಂತ ಕೊಡೋಕೆ ಹೊರಟರು. ಝಾನ್ಸಿಯಲ್ಲೇ ರೈಲಿಂದ ಇಳಿಸಿ ವಾಪಸ್ ಕಳಿಸಿದರು.

2020ರ ಮಾರ್ಚ್ ಕೊನೆ. ಲಾಕ್‌ಡೌನಿನಲ್ಲಿ ನಡೆದು ಬಂದ ಕೂಲಿಗಳನ್ನ ಬರೇಲಿಯಲ್ಲಿ ರಸ್ತೆ ಮೇಲೆ ಕೂರಿಸಿ, ಮಕ್ಕಳು ಮರಿ ಅನ್ನದೆ ಕ್ಲೋರಿನ್ ದ್ರಾವಣ ಸಿಂಪಡಿಸಿದರು. ಆ ವಿಡಿಯೋ ನೋಡಿದಾಗ ನನಗೆ ಮಹಾಡ್‌ನ 108 ಮಡಕೆ ನೆನಪಾಯ್ತು. ಬಾಟಲಿಯೊಳಗೆ ಗಂಜಲ ಇದ್ದರೇನು, ಹೈಪೋಕ್ಲೋರೈಟ್ ಇದ್ದರೇನು, ಕೊಳೆ ಅಂತ ಯಾರನ್ನ ತೋರಿಸ್ತಾರೆ ಅನ್ನೋದು ಬದಲಾಗಲ್ಲ.

ಸರಿ, ಮನೆಗೆ ಏನು ತರಬೇಕು ಅಂತ ಕೇಳೋರಿಗೆ ನಮ್ಮ ಮನೆಯ ಅನುಭವ ಹೇಳ್ತೀನಿ. ಹತ್ತು ಹದಿನೈದು ಅಂಟುವಾಳ ಕಾಯಿ, ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಗ್ಗೆ ಅದೇ ನೀರಲ್ಲಿ ಕುದಿಸಿ ಕಿವುಚಿ ಸೋಸಿ. ಪಾತ್ರೆಗೆ, ನೆಲಕ್ಕೆ ಸಾಕು. ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇಟ್ಟರೆ ಹುಳಿ ಬರುತ್ತೆ. ಕಣ್ಣಿಗೆ ಬಿದ್ದರೆ ಚೆನ್ನಾಗೇ ಉರಿಯುತ್ತೆ, ನೈಸರ್ಗಿಕ ಅಂತ ಅದೇನೂ ಬಿಡಲ್ಲ. ತಾಮ್ರ ಹಿತ್ತಾಳೆಗೆ ಹುಣಸೆ ಉಪ್ಪು. ನಲ್ಲಿಯ ಬಿಳಿ ಕಲೆಗೆ ನಿಂಬೆ. ಅಡುಗೆ ಸೋಡಾ ಬೇರೆಯಾಗಿ, ನಿಂಬೆ ಬೇರೆಯಾಗಿ ಬಳಸಿ. ಎರಡನ್ನೂ ಕೂಡಿಸಿದರೆ ಬುಸ್ಸೆಂದು ನೊರೆ ಬಂದು ಒಂದನ್ನೊಂದು ಕೊಂದುಕೊಳ್ಳುತ್ತವೆ, ಉಳಿಯೋದು ಉಪ್ಪು ನೀರು. ವಿಡಿಯೋಗೆ ಚೆಂದ ಅಷ್ಟೆ. ಸಿಪ್ಪೆ ಮೂರು ಪಾಲು, ಬೆಲ್ಲ ಒಂದು, ನೀರು ಹತ್ತು ಹಾಕಿ ಮೂರು ತಿಂಗಳು ಇಡೋ ಬಯೋ ಎನ್ಜೈಮ್ ಕೆಟ್ಟದ್ದಲ್ಲ. ಆದರೆ ಕೇರಿಯ ಮನೆಯಲ್ಲಿ ಬೆಲ್ಲ ಕಾಫಿಗೇ ಸಾಲಲ್ಲ, ಜಾಗವೂ ಇಲ್ಲ. ಮನೆಯಲ್ಲಿ ಕಾಲರಾ, ವಾಂತಿಭೇದಿ ಇದ್ದರೆ ಅಂಟುವಾಳ ನಂಬಿ ಕೂರಬೇಡಿ, ಬ್ಲೀಚಿಂಗ್ ಪೌಡರ್ ಬೇಕೇ ಬೇಕು. ಡಬ್ಬದ ಮೇಲೆ ಹೇಳಿದ ಅಳತೆಯಲ್ಲಿ, ಕಿಟಕಿ ತೆಗೆದು, ಗ್ಲೌಸ್ ಹಾಕಿ. ಆಸಿಡ್ ಜೊತೆ ಎಂದಿಗೂ ಬೇಡ. ಇದನ್ನ ನಿಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೆ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಇವತ್ತೇ ಹೇಳಿ.

ಕಕ್ಕಸಿಗೆ? ದಿನಾ ಉಜ್ಜಿದರೆ ಆಸಿಡ್ಡೇ ಬೇಡ. ವಾರಕ್ಕೊಮ್ಮೆ ಇನ್ನೊಬ್ಬರು ಬಂದು ತೊಳೀಲಿ ಅಂತ ಬಿಟ್ಟಾಗಲೇ ಕಲೆ ಗಟ್ಟಿಯಾಗೋದು, ಆಮೇಲೆ ಆಸಿಡ್ ಬೇಕಾಗೋದು. ಇದು ನನಗೆ ನಾಚಿಕೆಯಿಂದ ತಿಳಿದ ಮಾತು. ಮನುಸ್ಮೃತಿ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಿದ್ದ ನಾನು ಮದುವೆಯಾಗಿ ಆರು ವರ್ಷ ಮನೆಯ ಕಕ್ಕಸು ತೊಳೆದಿರಲಿಲ್ಲ. ಅವ್ವನೋ ಹೆಂಡತಿಯೋ ತೊಳೀತಿದ್ದರು. ನಮ್ಮ ಸಂಘಟನೆಗಳ ಕಚೇರಿಯಲ್ಲೂ ಅಷ್ಟೇ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ, ಮೂಲೆಯಲ್ಲಿ ನಾರೋ ಕಕ್ಕಸು, ಸಭೆ ಇದ್ದ ದಿನ ಮಾತ್ರ ಯಾರೋ ಹೆಣ್ಣುಮಗಳಿಗೆ ಇನ್ನೂರು ರೂಪಾಯಿ. ಕಾಮೆಂಟಿನಲ್ಲಿ ನನ್ನನ್ನ ಬೈಯೋ ಮುಂಚೆ ನಿಮ್ಮ ಕಚೇರಿಯದು ಒಮ್ಮೆ ನೋಡಿಕೊಂಡು ಬನ್ನಿ ಸಂಗಾತಿಗಳೇ.

ಮೊನ್ನೆ ಆ ಅಪಾರ್ಟ್‌ಮೆಂಟಿನಿಂದ ಮತ್ತೆ ಫೋನ್ ಬಂತು. ಅಂಟುವಾಳದ ದ್ರಾವಣ ಮಾಡೋದು ತೋರಿಸೋಕೆ ನಿಮ್ಮ ತಾಯಿಯವರನ್ನ ಕರ್ಕೊಂಡು ಬರ್ತೀರಾ ಅಂದರು. ಬರ್ತಾರೆ, ಮನೆಕೆಲಸದವರೆಲ್ಲ ಮುಂದಿನ ಸಾಲಿನಲ್ಲಿ ಕೂತಿರಬೇಕು, ಅವ್ವನಿಗೆ ಒಂದು ದಿನದ ಕೂಲಿ ಕೊಡಬೇಕು ಅಂದೆ. ಕಮಿಟಿಯಲ್ಲಿ ಕೇಳಿ ಹೇಳ್ತೀವಿ ಅಂದಿದಾರೆ. ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: ‘ಅವ್ರ ಮನೇಲಿ ಕಾಯಿ ಎಷ್ಟವೆ? ನಮ್ಮವು ಮುಗ್ದೋಗವೆ, ಬರುವಾಗ ಒಂದ್ಸೇರು ಇಸ್ಕ ಬಾ.’